ಹೂಂ ಅನ್ನೋರ ಮೆರವಣಿಗೆ

"ಹೂಂ ಅನ್ನೋದಕ್ಕೂ ಸಂಬಳ ಬೇಕಂತೆ! ನಮ್ಮನೆ ಎಮ್ಮೆನೂ ಬೆಳಗ್ಗೆಯಿಂದ ಸಂಜೆತನಕ ಹೂಂ ಅಂತಲೇ ಇರುತ್ತೆ. ಅದಕ್ಕೂ ಒಂದು ಸಂಬಳ ಗೊತ್ತುಮಾಡೋಣವೇನ್ರಿ?"

ಹೀಗಂದವರು ನಮ್ಮೂರ ದೊಡ್ಡ ಕಚೇರಿಯ ವಿಶ್ವಂಭರ ಸಾಹೇಬರು. ಅಂದದ್ದು ಮೈಕಿನಲ್ಲಿ, ಇಡೀ ಊರಿನ ಮುಂದೆ. ಅವರೇ ಹೊದಿಸಿದ ಶಾಲು ನನ್ನ ಹೆಗಲ ಮೇಲೆ ಇನ್ನೂ ಸರಿಯಾಗಿ ಕೂತೂ ಇರಲಿಲ್ಲ. ಸಭೆ ಗೊಳ್ಳೆಂದಿತು. ನಮ್ಮವರಲ್ಲೇ ಕೆಲವರು ನಕ್ಕರು. ನಗಬೇಕು ಅಂತ ನಕ್ಕಿದ್ದಲ್ಲ, ಪಾಪ. ಎದುರಿನವರು ಏನು ಹೇಳಿದರೂ ಅದಕ್ಕೆ ತಕ್ಕ ಹಾಗೆ ಮುಖ ಮಾಡಿ ಮಾಡಿ ಅಭ್ಯಾಸವಾಗಿಹೋಗಿದೆ ನಮ್ಮವರಿಗೆ.

ತಪ್ಪು ನನ್ನದೇ ಅನ್ನಿ. ವರ್ಷಕ್ಕೊಂದು ಸಲ ನಮಗೆಲ್ಲ ಸನ್ಮಾನ ಮಾಡುತ್ತಾರೆ. ಒಂದು ಶಾಲು, ಒಂದು ಹಾರ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಒಂದಿಷ್ಟು ಹಣ್ಣು. ತಗೊಂಡು ಕೈಮುಗಿದು ಇಳಿಯಬೇಕು. ನಾನು ಇಳಿಯಲಿಲ್ಲ. "ಸ್ವಾಮಿ, ಮನೇಲಿ ಶಾಲು ರಾಶಿ ಬಿದ್ದವೆ. ನಮ್ಮೂರಲ್ಲಿ ಚಳಿನೇ ಇಲ್ಲ. ಸಂಬಳ ಯಾವಾಗ ಕೊಡ್ತೀರಾ?" ಅಂತ ಕೇಳಿಬಿಟ್ಟೆ. ಆರನೇ ಕ್ಲಾಸಿಗೇ ಸ್ಲೇಟು ಒಡೆದು ಎದ್ದುಬಂದವನು ನಾನು. ಎಲ್ಲಿ ಏನು ಕೇಳಬಾರದು ಅನ್ನೋದನ್ನ ಏಳನೇ ಕ್ಲಾಸಿನಿಂದ ಹೇಳಿಕೊಡುತ್ತಾರೋ ಏನೋ, ನನಗೆ ಗೊತ್ತಿಲ್ಲ.

ನನ್ನ ಹೆಸರು ಕೆಂಚ. ಕೆಲಸ ಹೊಸ್ತಿಲ ಕಾರ್ಯಕರ್ತ. ಊರಿನವರು ಹೊಸ್ತಿಲಿನವರು ಅಂತಾರೆ, ಬಾಯಿ ಕೊಬ್ಬಿದವರು ಹೂಂ ಅನ್ನೋರು ಅಂತಾರೆ. ನಮ್ಮೂರಲ್ಲಿ ಮನೆಗಳು ಇಳಿಯುತ್ತವೆ. ಹೇಳಿಕೊಳ್ಳದ ಮಾತು ಒಳಗೆ ತುಂಬಿಕೊಂಡಷ್ಟೂ ಮನೆ ನೆಲದೊಳಕ್ಕೆ ಹೋಗುತ್ತೆ. ಮೊದಲು ಮೆಟ್ಟಿಲು, ಆಮೇಲೆ ಜಗಲಿ, ಆಮೇಲೆ ಬಾಗಿಲು. ಕಿಟಕಿಮಟ್ಟಕ್ಕೆ ಬಂತು ಅಂದರೆ ಹಾಲಿನವನು ಬಗ್ಗಿ ಹಾಲು ಹಾಕಿ ಹೋಗುತ್ತಾನೆ, ಕೋಳಿಗಳು ಸೂರಿನ ಮೇಲೆ ಕಾಳು ಕೆದಕುತ್ತವೆ. ಹೆಣ್ಣು ನೋಡೋಕೆ ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಮನೆಯ ಮೆಟ್ಟಿಲು ನೋಡುತ್ತಾರೆ. ಅದಕ್ಕೇ ದುಡ್ಡಿದ್ದವರು ಹಿಂದಿನ ದಿನವೇ ಗಾರೆಯವನನ್ನ ಕರೆಸಿ ಸುಳ್ಳು ಮೆಟ್ಟಿಲು ಕಟ್ಟಿಸುತ್ತಾರೆ. ಅವೂ ಇಳಿಯುತ್ತವೆ.

ಇಳಿದ ಮನೆ ಏಳಬೇಕಾದರೆ ಯಾರಾದರೂ ಹೊಸ್ತಿಲ ಮೇಲೆ ಕೂತು ಒಳಗಿನವರ ಮಾತು ಕೇಳಬೇಕು. ಮನೆಯವರದೇ ಹೂಂಗೆ ಮನೆ ಏಳಲ್ಲ. ಅವರು ಅರ್ಧ ಕೇಳೋದರೊಳಗೆ "ಎಲ್ಲಾ ನಿಂದೇ ತಪ್ಪು" ಅಂದುಬಿಟ್ಟಿರುತ್ತಾರೆ. ಅದಕ್ಕೇ ನಾವಿರೋದು. ನನಗೆ ಈ ಕೆಲಸ ಕಲಿಸಿದವಳು ತಾಯಕ್ಕ. "ಹೂಂ ಅನ್ನು, ಆಮೇಲೆ ಅನ್ನು. ಬುದ್ಧಿ ಮಾತ್ರ ಹೇಳಬೇಡ ಕಣೋ, ಮನೆ ಇನ್ನೊಂದು ಗೇಣು ಇಳೀತದೆ" ಅನ್ನುತ್ತಿದ್ದಳು. ಅವಳ ಹೂಂ ಬೆಣ್ಣೆ ಕರಗಿದ ಹಾಗೆ. ನನ್ನದು ಹಾಗಲ್ಲ. ನನಗೆ ಕೇಳುತ್ತಾ ಕೇಳುತ್ತಾ ರಕ್ತ ಕುದಿಯುತ್ತೆ. "ಹೂಂ! ಅವನ ಮನೆ ಹಾಳಾಗ! ಆಮೇಲೆ?" ಅಂತ ಗುಡುಗುತ್ತೇನೆ. ಬೀದಿಗೆಲ್ಲ ಕೇಳುತ್ತೆ. ಆದರೆ ಕೆಲವು ಹೆಂಗಸರು ಕೆಂಚನೇ ಬರಲಿ ಅಂತ ಹೇಳಿಕಳಿಸುತ್ತಾರೆ. ಅವರು ಬೈಯಲಾರದ್ದನ್ನ ನಾನು ಬೈದರೆ ಮನೆ ಬೇಗ ಏಳುತ್ತಂತೆ.

ಇದಕ್ಕೆ ನಮಗೆ ಕೊಡೋದು ಗೌರವಧನ. ಎಂಥಾ ಚೆಂದದ ಮಾತು ನೋಡಿ! ಸಂಬಳ ಅಂದರೆ ಕೆಲಸಕ್ಕೊಂದು ಹೊತ್ತಿರಬೇಕು, ವಾರಕ್ಕೊಂದು ರಜೆ ಇರಬೇಕು, ತಿಂಗಳಿಗೆ ಸರಿಯಾಗಿ ಕೊಡಬೇಕು. ಗೌರವಧನಕ್ಕೆ ಅದ್ಯಾವುದೂ ಇಲ್ಲ. ಬಂದಾಗ ಬಂತು, ಕೊಟ್ಟಷ್ಟು ಕೊಟ್ಟರು. ಉಣ್ಣೋಕೆ ಕೂತಾಗ ಕರೆದರೂ ಏಳಬೇಕು, ಯಾಕಂದರೆ ಅದು ಸೇವೆ. ಗೌರವ ಹೊಟ್ಟೆ ತುಂಬಿಸೋ ಹಾಗಿದ್ದರೆ ಸಾಹೇಬರೇ ಯಾಕೆ ಸಂಬಳ ತಗೊಳ್ಳುತ್ತಾರೆ ಅಂತ ನಾನು ಕಂಡಕಂಡವರನ್ನ ಕೇಳಿದ್ದೇನೆ. ಎಲ್ಲರೂ ಹೂಂ ಅಂದರು, ಅಷ್ಟೇ.

ಇದೆಲ್ಲದರ ಫಲ ನೋಡಬೇಕಾದರೆ ತಾಯಕ್ಕನ ಮನೆ ನೋಡಬೇಕು. ಅರ್ಧ ಊರು ಎತ್ತಿ ನಿಲ್ಲಿಸಿದವಳ ಮನೆ ಹೆಂಚಿನವರೆಗೂ ನೆಲದಲ್ಲಿ ಹೂತಿತ್ತು. ಅವಳು ಎರಡು ಹೆಂಚು ಸರಿಸಿ, ಏಣಿಯಿಂದ ಅಡುಗೆಮನೆಗೆ ಇಳಿಯುತ್ತಿದ್ದಳು. ನಾನು ಎಷ್ಟೋ ಸಲ ಆ ಹೆಂಚಿನ ಮೇಲೆ ಕೂತು "ಹೇಳಕ್ಕ" ಅಂದಿದ್ದೇನೆ. ಅವಳು ಬಾಯಿ ತೆರೆಯೋದರೊಳಗೆ ಯಾರದೋ ಮನೆಯಿಂದ ಕೂಗು ಬರುತ್ತೆ. ಇಲ್ಲ ಅಂದರೆ ಅವಳೇ ತಿರುಗಿ "ನೀನ್ಯಾಕೋ ಸೊರಗಿದ್ದೀಯಾ, ಏನಾಯ್ತು?" ಅಂತ ಶುರುಮಾಡುತ್ತಾಳೆ. ಹತ್ತು ನಿಮಿಷದಲ್ಲಿ ನಾನು ಹೇಳುತ್ತಿರುತ್ತೇನೆ, ಅವಳು ಹೂಂ ಅನ್ನುತ್ತಿರುತ್ತಾಳೆ. ಬಿಡುವಾಗಿ ಒಂದು ದಿನ, ಬರೀ ಒಂದು ದಿನ ಸಿಕ್ಕರೆ ಆ ಮನೆ ಏಳುತ್ತಿತ್ತು. ಸಿಗದಿದ್ದರೆ ಹೆಂಚೂ ಮುಳುಗುತ್ತಿತ್ತು. ಹೆಂಚು ಮುಳುಗಿದ ಮನೆ ಮತ್ತೆ ಎದ್ದದ್ದನ್ನ ನಮ್ಮೂರಲ್ಲಿ ಯಾರೂ ಕಂಡಿಲ್ಲ.

ಎಮ್ಮೆಯ ಮಾತಾದ ಸಂಜೆ ಹಮಾಲರ ಸಂಘದ ಇಮಾಮಣ್ಣ ನನ್ನನ್ನ ಹುಡುಕಿಕೊಂಡು ಬಂದ. ಗೋಡೌನಿನ ಬಾಗಿಲಷ್ಟು ಅಗಲ ಇರೋ ಮನುಷ್ಯ. "ಏನಲೇ ಕೆಂಚ, ಸಾಹೇಬ್ರು ಎಮ್ಮೆ ಅಂದ್ರಂತೆ? ಸೋಮವಾರ ನಾವು, ಗಿರಣಿಯೋರು, ಕಸ ಹೊಡಿಯೋರು, ಎಲ್ಲಾ ಸೇರಿ ಮೆರವಣಿಗೆ ಹೊರಟಿದ್ದೀವಿ. ನ್ಯಾಯವಾದ ಕೂಲಿ ಬೇಕು ಅಂತ. ನಿಮ್ಮೋರನ್ನೂ ಹೊಡ್ಕೊಂಡು ಬಾ" ಅಂದ.

ನಮ್ಮವರನ್ನ ಒಪ್ಪಿಸೋದು ಎಮ್ಮೆ ಹೊಡೆದುಕೊಂಡು ಬರೋದಕ್ಕಿಂತ ಕಷ್ಟವಾಯಿತು. ತಾಯಕ್ಕನೇ ತಲೆ ಆಡಿಸಿದಳು. "ಸೇವೆ ಮಾಡೋರು ನಾವು. ಕೂಲಿಗೋಸ್ಕರ ಬೀದಿಗೆ ಇಳಿಯೋದಾ?"

"ಅಕ್ಕ, ನಿನ್ನ ಮನೆ ಬೀದಿಗಿಂತ ಕೆಳಗೈತೆ. ನೀನು ಬೀದಿಗೆ ಇಳಿಯೋಕಾಗಲ್ಲ, ಹತ್ತಬೇಕು."

ಅವಳು ನಕ್ಕಳು. ಏಣಿಯ ಮೇಲೆ ನಿಂತವಳು ಬೀಳೋ ಹಾಗೆ ನಕ್ಕಳು. "ಥೂ ನಿನ್ನ, ಹತ್ತುತೀನಿ ಬಿಡೋ" ಅಂದಳು. ಅವಳು ಬರುತ್ತಾಳೆ ಅಂತ ಗೊತ್ತಾದ ಮೇಲೆ ಉಳಿದವರೆಲ್ಲ ತಾವಾಗಿಯೇ ಬಂದರು.

ಸೋಮವಾರ ತಮಟೆ, ಕೆಂಪು ಬಾವುಟ, ಗಿರಣಿಯವರ ಹತ್ತಿಹತ್ತಿಯಾದ ತಲೆ, ಕಸದ ಗಾಡಿಗೆ ಕಟ್ಟಿದ ಚೆಂಡುಹೂ. ಮದುವೆ ದಿಬ್ಬಣದ ಹಾಗಿತ್ತು. ಇಮಾಮಣ್ಣ ಮುಂದೆ ನಿಂತು ಕೈಯೆತ್ತಿ ಕೂಗಿದ. "ಬೇಕೇ ಬೇಕು!" ಹಮಾಲರು "ನ್ಯಾಯ ಬೇಕು!" ಅಂದರು. ಸರಿ, ಮುಂದಿನ ಘೋಷಣೆ. "ನಮ್ಮ ಬೆವರಿಗೆ ಬೆಲೆ ಕೊಡಿ!"

ಹಿಂದಿನಿಂದ ನೂರಾರು ಹೊಸ್ತಿಲಿನವರು ಒಂದೇ ದನಿಯಲ್ಲಿ, ಮೆಲ್ಲಗೆ, ಅಂತಃಕರಣ ತುಂಬಿ, "ಹೂಂ... ಆಮೇಲೆ?" ಅಂದರು.

ತಮಟೆ ನಿಂತುಹೋಯಿತು. ಇಮಾಮಣ್ಣ ತಿರುಗಿ ನೋಡಿದ. "ಏಯ್, ಹಂಗಲ್ರಮ್ಮ! ನಾನು ಕೂಗಿದ ಮೇಲೆ ನೀವೂ ಕೂಗಬೇಕು. ಮುಷ್ಟಿ ಎತ್ರಿ! ಹಮಾಲರ ಬೆನ್ನು ಕಲ್ಲಲ್ಲಾ!"

"ಹೂಂ ಕಣಪ್ಪ, ಕಲ್ಲಲ್ಲ" ಅಂದಳು ತಾಯಕ್ಕ, ಮುಷ್ಟಿ ಎತ್ತಿಕೊಂಡೇ. "ಆಮೇಲೆ?"

ಇಮಾಮಣ್ಣನ ಕೈ ಮೇಲೇ ಉಳಿಯಿತು. "ಆಮೇಲೆ... ಆಮೇಲೇನಕ್ಕ, ನಮ್ಮಪ್ಪನೂ ಹಮಾಲನೇ. ನಿದ್ದೇಲಿ ಮಗ್ಗುಲು ಬದಲಾಯಿಸೋವಾಗ್ಲೂ 'ಹುಷಾರು, ಮೂಟೆ' ಅಂತಿದ್ದ. ನಾವು ಮಕ್ಕಳು ನಗ್ತಿದ್ವಿ. ಈಗ ನಾನೂ ಹಂಗೇ ಅಂತೀನಂತೆ, ನನ್ನ ಮಕ್ಕಳು ನಗ್ತಾರೆ." ಅವನ ಕಣ್ಣಲ್ಲಿ ನೀರು ಬಂತು. ಆಗಲೇ ಎಡಗಡೆ ದಡ್ ಅಂತ ಸದ್ದಾಯಿತು. ಮೂಲೆಯಲ್ಲಿ ಮೊಳಕಾಲುದ್ದ ಇಳಿದಿದ್ದ ಹಮಾಲರ ಸಂಘದ ಕಚೇರಿ, ಮೈಮುರಿದು ಎದ್ದ ಎತ್ತಿನ ಹಾಗೆ ಮೇಲೆ ಬಂದು ನಿಂತಿತು. ಬೋರ್ಡಿನ ಮೇಲೆ ಕೂತಿದ್ದ ಕಾಗೆ ಗಾಬರಿಯಾಗಿ ಹಾರಿತು.

ಅಲ್ಲಿಂದ ಮುಂದೆ ಮೆರವಣಿಗೆ ನಮ್ಮ ಕೈಮೀರಿಹೋಯಿತು. ಘೋಷಣೆ ಕೂಗೋಕೆ ಬಂದವರೆಲ್ಲ ಕಥೆ ಹೇಳೋಕೆ ನಿಂತರು. ಗಿರಣಿಯ ಮಲ್ಲಣ್ಣ "ಬೋನಸ್ಸು ಕೊಡಿ" ಅಂತ ಶುರುಮಾಡಿದವನು ತನ್ನ ಕಿವುಡಿನ ಮಾತಿಗೆ ಬಂದ. ಕಿಟಕಿಮಟ್ಟಕ್ಕೆ ಇಳಿದ ಮನೆಯೊಂದರಿಂದ ಅಜ್ಜಿಯೊಂದು ಕತ್ತು ಚಾಚಿ "ಏನ್ ಗಲಾಟೆನೋ?" ಅಂತ ಬೈದು, ನಮ್ಮವಳೊಬ್ಬಳು ಹೂಂ ಅಂದದ್ದೇ ತಡ, ಸೊಸೆಯ ಪುರಾಣ ಬಿಚ್ಚಿತು. ನಾವು ನಡೆದ ಬೀದಿಯ ಎರಡೂ ಕಡೆ ಮನೆಗಳು ಧೂಳು ಕೊಡವಿಕೊಂಡು ಏಳುತ್ತಿದ್ದವು. ಎಷ್ಟೋ ವರ್ಷದಿಂದ ಬಿಸಿಲು ಕಾಣದ ಬಾಗಿಲುಗಳು ಕಿರ್ ಅಂದು ತೆರೆದುಕೊಂಡವು. ಮಕ್ಕಳು ಹೊಸದಾಗಿ ಮೂಡಿದ ಮೆಟ್ಟಿಲುಗಳ ಮೇಲೆ ಹತ್ತಿ ಹಾರಿ ಕುಣಿಯುತ್ತಿದ್ದವು. ತಮಟೆಯವರಿಗೆ ಹುಚ್ಚೇ ಹಿಡಿಯಿತು. ಯಾರೋ ಪಾನಕ ಹಂಚಿದರು. ನಾನು ಮಾತ್ರ "ನಡೀರೋ, ಸಾಹೇಬ್ರು ಊಟಕ್ಕೆ ಹೋಗ್ಬಿಡ್ತಾರೆ, ನಡೀರೋ!" ಅಂತ ಕುರಿ ಹೊಡೆಯೋ ಹಾಗೆ ಎಲ್ಲರನ್ನೂ ಹೊಡೆದುಕೊಂಡು ಬಂದೆ.

ದೊಡ್ಡ ಕಚೇರಿಯ ಮುಂದೆ ಜನ ತುಂಬಿತು. ಸಾಹೇಬರು ಮೊಗಸಾಲೆಗೆ ಬಂದರು. ಪಕ್ಕದಲ್ಲಿ ಜವಾನ ಕೊಡೆ ಹಿಡಿದಿದ್ದ. ಇಮಾಮಣ್ಣ ಚೊಕ್ಕವಾಗಿ ಮಾತಾಡಿದ. ಹಮಾಲರಿಗೆ, ಗಿರಣಿಯವರಿಗೆ, ಕಸದವರಿಗೆ ನ್ಯಾಯವಾದ ಕೂಲಿ, ಹೊಸ್ತಿಲಿನವರಿಗೆ ಸಂಬಳ. ನಮ್ಮನ್ನ ಬಿಟ್ಟು ಉಳಿದವರ ಮಾತು ಮಾಲೀಕರ ಹತ್ತಿರ ಆಡಿ ಮುಗಿಸುತ್ತೇನೆ ಅಂತ ಸಾಹೇಬರು ಅಲ್ಲೇ ಒಪ್ಪಿಕೊಂಡರು. ಆಗ ಹಮಾಲರು ಕೂಗು ಹಾಕಿದ್ದು ನೋಡಿ, ಬೀದಿಯೇ ನಡುಗಿತು. "ಆದ್ರೆ ಸಂಬಳ ಅನ್ನೋದು ನನ್ನ ಕೈಲಿಲ್ರಪ್ಪ" ಅಂದರು ನಮ್ಮ ಕಡೆ ತಿರುಗಿ. "ನನಗೂ ಮೇಲಿನೋರು ಇದ್ದಾರೆ. ನನ್ನ ಕಷ್ಟ ನಾನು ಯಾರಿಗೆ ಹೇಳ್ಕೊಳ್ಳಲಿ?"

ಆಡಬಾರದ ಮಾತು ಅದು. ನಮ್ಮವರ ಮುಂದೆ ಯಾರೂ ಆಡಬಾರದು.

"ಹೂಂ" ಅಂದಳು ತಾಯಕ್ಕ.

ಅವಳು ಅಂದಮೇಲೆ ಕೇಳಬೇಕೇ? ನೂರಾರು ಜನ ನೆಲದ ಮೇಲೆ ಕೂತುಬಿಟ್ಟರು. ಹೂಂ, ಆಮೇಲೆ, ಅಯ್ಯೋ ಶಿವನೇ. ಸಾಹೇಬರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಕಟ್ಟೆ ಒಡೆಯಿತು. ಮೇಲಿನ ಸಾಹೇಬರು ಜವಾನನ ಎದುರಿಗೇ ಏಕವಚನದಲ್ಲಿ ಕರೆದದ್ದು, ಬೆನ್ನುನೋವು, ಭಾವಮೈದುನ ಬೈಕು ತಗೊಂಡುಹೋಗಿ ವಾಪಸ್ಸು ಕೊಡದಿದ್ದದ್ದು. ಒಂದೊಂದು ಮಾತಿಗೂ ಕಚೇರಿ ಒಂದೊಂದು ಮಾರು ಮೇಲಕ್ಕೆ ಹೋಯಿತು. ಅದರ ಬುನಾದಿಯ ಕೆಳಗೂ ಇನ್ನೆಷ್ಟು ಕಲ್ಲುಕಂಬ ಹೂತಿತ್ತೋ, ಅದೂ ಎದ್ದುಬಂತು. ನೋಡನೋಡುತ್ತಾ ಸಾಹೇಬರು ತೆಂಗಿನಮರದ ಎತ್ತರಕ್ಕೆ ಹೋದರು. "ಆಹಾ, ಎಷ್ಟು ಹಗುರ ಆಗ್ತಿದೆ!" ಅಂತ ಅಲ್ಲಿಂದ ಕೂಗಿದರು.

ಇಮಾಮಣ್ಣ ಹಣೆ ಹಣೆ ಚಚ್ಚಿಕೊಂಡ. "ಕುಸ್ತಿಗೆ ಅಂತ ಕರ್ಕೊಂಡು ಬಂದ್ರೆ ಎದುರಾಳಿಗೆ ಎಣ್ಣೆ ಹಚ್ಚಿ ತಿಕ್ತಾ ಕೂತಿದ್ದೀರಲ್ಲೋ! ಇನ್ನು ಅಷ್ಟು ಮೇಲೆ ಹೋದೋರು ನಮ್ಮ ಕೈಗೆ ಸಿಗ್ತಾರಾ?"

ನನಗೆ ತಲೆ ಕೆಟ್ಟುಹೋಯಿತು. ಕಸದ ಗಾಡಿಯ ಮೇಲೆ ಹತ್ತಿ ನಿಂತೆ. "ಬಾಯಿ ಮುಚ್ರೀ!" ಅಂತ ಅರಚಿದೆ. "ಎಲ್ರೂ! ಹಮಾಲರು ಮೂಟೆ ಕೆಳಗಿಟ್ರೆ ಅದು ಮುಷ್ಕರ. ಗಿರಣಿಯೋರು ಕೈ ಕಟ್ಟಿದ್ರೆ ಅದು ಮುಷ್ಕರ. ನಮ್ಮ ಕೆಲಸ ಯಾವ್ದು? ಹೂಂ ಅನ್ನೋದು. ಸಂಬಳ ಅನ್ನೋತನಕ ಒಬ್ರೂ ಹೂಂ ಅನ್ನಂಗಿಲ್ಲ!"

ಅಷ್ಟು ದೊಡ್ಡ ಮೌನವನ್ನ ನಮ್ಮೂರು ಅವತ್ತಿನವರೆಗೆ ಕೇಳಿರಲಿಲ್ಲ. ಬಾವುಟ ಪಟಪಟ ಅನ್ನೋದು ಕೇಳುತ್ತಿತ್ತು. ಮೇಲೆ ಸಾಹೇಬರು ಹೇಳುತ್ತಲೇ ಇದ್ದರು. ಒಂದು ಮಾತು ಮುಗಿಸಿ ನಿಂತರು. ಹೂಂ ಬರಲಿಲ್ಲ. "ಕೇಳ್ತಿದ್ದೀರೇನ್ರಿ?" ಅಂದರು. ಕಚೇರಿ ಒಂದು ಮೊಳ ಇಳಿಯಿತು.

"ಹೂಂ ಸರ್" ಅಂದ ಜವಾನ. ಕಚೇರಿ ಅಲ್ಲಾಡಲಿಲ್ಲ. ಅವನದು ಹೇಳೋದಕ್ಕೆ ಮುಂಚೆಯೇ ಬರೋ ಹೂಂ.

ಸಾಹೇಬರು ಮತ್ತೆ ಶುರುಮಾಡಿದರು, ಮತ್ತೆ ನಿಂತರು. ಮೆಟ್ಟಿಲು ಹತ್ತುವಾಗ ಕೊನೇ ಮೆಟ್ಟಿಲಿದೆ ಅಂತ ಕಾಲಿಟ್ಟರೆ ಅದಿಲ್ಲದೆ ಮುಗ್ಗರಿಸುತ್ತೇವಲ್ಲ, ಪ್ರತಿ ಮಾತಿನ ತುದಿಯಲ್ಲೂ ಹಾಗೆ ಮುಗ್ಗರಿಸುತ್ತಿದ್ದರು. ಕಚೇರಿ ಇಳಿಯಿತು, ಇಳಿಯಿತು, ತೆಂಗಿನಮರ ದಾಟಿತು, ತನ್ನ ಮೊದಲಿನ ಜಾಗವನ್ನೂ ದಾಟಿತು. ಮೆಟ್ಟಿಲೆಲ್ಲ ನೆಲದೊಳಕ್ಕೆ ಹೋಗಿ ಮೊಗಸಾಲೆ ಬೀದಿಮಟ್ಟಕ್ಕೆ ಬಂತು. ನಾನು ಗಾಡಿಯಿಂದ ಇಳಿದು ಎದುರಿಗೆ ನಿಂತೆ. ಸಾಹೇಬರ ಮೂಗು ನನ್ನ ಮೂಗು ಒಂದೇ ಸಮ.

"ನನ್ನ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಕಣಯ್ಯ" ಅಂದರು, ಇದ್ದಕ್ಕಿದ್ದ ಹಾಗೆ, ಮೆಲ್ಲಗೆ. ಮೈಕಿನ ದನಿಯಲ್ಲ ಅದು.

ನೂರಾರು ಗಂಟಲು ಒಟ್ಟಿಗೆ ಆಡಿದ್ದು ನನಗೆ ಕಾಣಿಸಿತು. ತಾಯಕ್ಕ ಸೆರಗಿನ ತುದಿಯನ್ನ ಬಾಯಿಗೆ ತುರುಕಿಕೊಂಡಿದ್ದಳು, ಕಣ್ಣಲ್ಲಿ ಧಾರಾಕಾರ ನೀರು. ನನ್ನ ಗಂಟಲಲ್ಲೂ ಹೂಂ ಬಂದು ಕಡುಬಿನ ಹಾಗೆ ಕೂತಿತ್ತು. ಸಾಹೇಬರ ಮೇಲೆ ಎಷ್ಟು ಸಿಟ್ಟಿತ್ತೋ, ಅವರ ಮೇಲೆ ಮರುಕ ಬಂತಲ್ಲ ಅಂತ ನನ್ನ ಮೇಲೆ ಅದರ ಎರಡರಷ್ಟು ಸಿಟ್ಟು ಬಂತು. "ಸಂಬಳ ಅನ್ನಿ ಸ್ವಾಮಿ" ಅಂದೆ. "ಅಂದುಬಿಡಿ. ಕೇಳ್ತೀವಿ."

"ಗೌರವಧನ ಹೆಚ್ಚು ಮಾಡ್ತೀನಿ."

ಕಚೇರಿ ಗೇಣು ಇಳಿಯಿತು. ಸಾಹೇಬರು ತಲೆಯೆತ್ತಿ ನನ್ನನ್ನ ನೋಡಬೇಕಾಯಿತು.

"ವಿಶೇಷ ಗೌರವಧನ."

ಇನ್ನೊಂದು ಗೇಣು.

"ಅತ್ಯುನ್ನತ ಗೌರವಧನ! ಪ್ರಶಸ್ತಿಪತ್ರದ ಸಮೇತ!"

ಜವಾನ ಕೊಡೆ ಮಡಚಿ, ಮೆಲ್ಲಗೆ ಬೀದಿಗೆ ಹತ್ತಿ ನಮ್ಮ ಕಡೆ ಬಂದು ನಿಂತ. ಸಾಹೇಬರು ಅವನನ್ನ ನೋಡಿದರು, ಜನವನ್ನ ನೋಡಿದರು, ತೊಡೆಮಟ್ಟಕ್ಕೆ ಬಂದಿದ್ದ ಮಣ್ಣನ್ನ ನೋಡಿದರು.

"ಸಂಬಳ" ಅಂದರು. "ಸಂಬಳ ಕಣ್ರೋ, ಸಂಬಳ! ಕೆಲಸಕ್ಕೆ ಹೊತ್ತು, ವಾರಕ್ಕೊಂದು ರಜೆ, ತಿಂಗಳಿಗೆ ಸರಿಯಾಗಿ ದುಡ್ಡು! ತರ್ರೋ ಕಾಗದ!"

ಇಮಾಮಣ್ಣ ಬೆನ್ನು ಬಗ್ಗಿಸಿದ. ಅವನ ಬೆನ್ನ ಮೇಲೆ ಕಾಗದ ಇಟ್ಟು ಸಾಹೇಬರು ಸಹಿ ಹಾಕಿದರು, ಮೊಹರು ಒತ್ತಿದರು. ತಮಟೆ ಬಿತ್ತು. ಗಿರಣಿಯವರು ನನ್ನನ್ನ ಎತ್ತಿ ಮೇಲಕ್ಕೆ ಎಸೆದರು, ಹಿಡಿದರು, ಮತ್ತೆ ಎಸೆದರು. ಎರಡನೇ ಸಲ ಮೇಲೆ ಹೋದಾಗ ಕಂಡಿತು. ತಾಯಕ್ಕ ಆಗಲೇ ಬೀದಿಯ ಅಂಚಿನಲ್ಲಿ, ಮೊಗಸಾಲೆಯೊಳಕ್ಕೆ ಕಾಲು ಇಳಿಬಿಟ್ಟು ಕೂತಿದ್ದಳು. ಬಾಯಿಂದ ಸೆರಗು ತೆಗೆದು, "ಹೂಂ ಸ್ವಾಮಿ. ಮಗಳು ಯಾಕೆ ಮಾತು ಬಿಟ್ಟಳು? ಆಮೇಲೆ?" ಅನ್ನುತ್ತಿದ್ದಳು. ಆ ಗದ್ದಲದಲ್ಲೂ ಕೊನೇತನಕ ಕೇಳಿದಳು. ಕಚೇರಿ ಸಾವಕಾಶವಾಗಿ ಎದ್ದು, ತನ್ನ ಹಳೇ ಮೆಟ್ಟಿಲ ಮೇಲೆ ಮರ್ಯಾದೆಯಿಂದ ನಿಂತಿತು.

ಭಾನುವಾರ ನಮ್ಮ ಮೊದಲ ರಜೆ. ಬೆಳಗ್ಗೆಯೇ ಇಮಾಮಣ್ಣ ಹಮಾಲರನ್ನೆಲ್ಲ ಕಟ್ಟಿಕೊಂಡು ತಾಯಕ್ಕನ ಹೆಂಚಿನ ಸುತ್ತ ಬಂದು ಕೂತ. ಅವಳು ಹೆಂಚಿನ ಸಂದಿಯಿಂದ ತಲೆ ಹೊರಗೆ ಹಾಕಿ "ಏನ್ರೋ ಇದು, ಯಾರಿಗೇನಾಯ್ತು?" ಅಂದಳು.

"ನಮಗೇನೂ ಆಗಿಲ್ಲ. ನಿಂಗೇನಾಯ್ತು ಹೇಳಕ್ಕ" ಅಂದೆ, ಅವರ ನಡುವೆ ಕೂತಿದ್ದ ನಾನು.

"ನಂಗೇನೋ? ನಾನು ಚೆನ್ನಾಗೇ ಇದ್ದೀನಿ."

"ಹೂಂ" ಅಂದರು ಹಮಾಲರು. ಮೂಟೆ ನೆಲಕ್ಕೆ ಬಿದ್ದ ಹಾಗಿತ್ತು ಅವರ ಹೂಂ. "ಆಮೇಲೆ?"

"ಆಮೇಲೆ ಏನೂ ಇಲ್ಲ." ಅವಳು ಎಲ್ಲರ ಮುಖ ನೋಡಿದಳು. ಯಾರೂ ಎದ್ದುಹೋಗೋ ಹಾಗೆ ಕಾಣಲಿಲ್ಲ. ಯಾವ ಮನೆಯಿಂದಲೂ ಕೂಗು ಬರಲಿಲ್ಲ. "ಒಂದು ಮಾತು ಹೇಳ್ತೀನಿ, ನಗಬಾರದು. ನಂಗೆ ಉಪ್ಪಿಟ್ಟು ಕಂಡ್ರೆ ಆಗಲ್ಲ ಕಣ್ರೋ. ಈ ಕೆಲಸಕ್ಕೆ ಸೇರಿದಾಗಿಂದ ಹೋದ ಮನೇಲೆಲ್ಲಾ ಉಪ್ಪಿಟ್ಟೇ ಮಾಡಿ ಕೊಡ್ತಾರೆ. ಬೇಡ ಅನ್ನೋಕಾಗಲ್ಲ. ಅಳ್ತಿರೋರ ಕೈಯಿಂದ ತಟ್ಟೆ ಬಂದ್ರೆ ಹೆಂಗೆ ಬೇಡ ಅನ್ನೋದು? ತಿಂದೂ ತಿಂದೂ..."

ನಗಬಾರದು ಅಂದರೂ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಾ ನಗುತ್ತಾ ದನಿ ಬದಲಾಯಿತು. ಆಮೇಲಿನದನ್ನ ನಾನು ಇಲ್ಲಿ ಹೇಳಲ್ಲ, ಅದು ಅವಳದು. ಮಧ್ಯಾಹ್ನದವರೆಗೂ ಹೇಳಿದಳು. ನನ್ನ ಗುಡುಗು ನಾಲ್ಕು ಬೀದಿಗೆ ಕೇಳಿಸಿತಂತೆ. ಮೊದಲು ಹೆಂಚಿನ ಸಾಲು ಅಲುಗಿತು. ನಾವು ಕೂತಿದ್ದ ನೆಲ ಬಿರುಕುಬಿಟ್ಟಿತು. ಗೋಡೆ ಕಂಡಿತು, ಕಿಟಕಿ ಕಂಡಿತು, ಸರಳಿಗೆ ಸಿಕ್ಕಿಕೊಂಡಿದ್ದ ಒಂದು ಬಾಚಣಿಗೆ ಕಂಡಿತು. ಕೊನೆಗೆ ಬಾಗಿಲು. ತಾಯಕ್ಕ ಒಳಗಿನಿಂದ ಚಿಲಕ ತೆಗೆದು, ಹೊಸ್ತಿಲು ದಾಟಿ, ನೆಟ್ಟಗೆ ನಡೆದುಕೊಂಡು ಹೊರಗೆ ಬಂದಳು. ಎಷ್ಟೋ ವರ್ಷದ ಮೇಲೆ ಅವಳು ತನ್ನ ಮನೆಯಿಂದ ಏಣಿ ಇಲ್ಲದೆ ಬಂದದ್ದು ಅವತ್ತೇ. ಇಮಾಮಣ್ಣ ಶಿಳ್ಳೆ ಹೊಡೆದ. "ಕೂತ್ಕೊಳ್ರೋ, ಅನ್ನ ಸಾರು ಮಾಡ್ತೀನಿ, ಉಪ್ಪಿಟ್ಟಲ್ಲ" ಅಂದಳು.

ಬಾಳೆಎಲೆ ತರೋಕೆ ಅಂತ ನಾನು ಬೀದಿಯ ಮೂಲೆಗೆ ಹೋಗಿ ಒಂದು ಕಟ್ಟು ತಗೊಂಡೆ. ಅಲ್ಲಿ ಕಟ್ಟೆಯ ಮೇಲೆ ವಿಶ್ವಂಭರ ಸಾಹೇಬರು ಕೂತಿದ್ದರು, ಬಿಳೀ ಪಂಚೆ, ಪಕ್ಕದಲ್ಲಿ ಇಬ್ಬರು ಸ್ನೇಹಿತರು. ನನ್ನನ್ನ ಕಂಡದ್ದೇ ಮುಖ ಅರಳಿತು.

"ಬಾರಯ್ಯ ಕೆಂಚ, ಕೂತ್ಕೋ. ನೆನ್ನೆ ಮೇಲಿನೋರು ನನಗೆ ಏನಂದ್ರು ಗೊತ್ತಾ?" ಅಂದು ನಿಂತರು. ಹೂಂ ಬರಬೇಕಾದ ಜಾಗ ಅದು. ಅವತ್ತು ನನಗೆ ರಜೆ, ಅನ್ನಲಿಲ್ಲ. ಸ್ನೇಹಿತರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ನೋಡಿದ್ರಾ ಇವರ ಕೊಬ್ಬು? ಸಂಬಳ ಕೈಗೆ ಬರೋ ಮುಂಚೆನೇ ಬಾಯಿ ಬಿದ್ದುಹೋಗೈತೆ. ಹೂಂ ಅನ್ನಯ್ಯ, ಇನ್ಮೇಲೆ ನಮ್ಮ ಸಂಬಳ ತಿನ್ನೋನಲ್ವಾ ನೀನು?"

ಸ್ನೇಹಿತರು ನಕ್ಕರು. ನನ್ನ ನಾಲಗೆ ತುದಿಗೆ ಏನೇನು ಬಂತು ಅಂತ ಕೇಳಬೇಡಿ. ಊರು ಎರಡು ವಾರ ನೆನೆಸಿಕೊಂಡು ನಗೋ ಅಂಥವು. ಅಷ್ಟರಲ್ಲಿ ತಾಯಕ್ಕನ ಮನೆ ಕಡೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ನಾನು ಎಲೆಯ ಕಟ್ಟನ್ನ ಹೆಗಲಿಗೆ ಏರಿಸಿಕೊಂಡು ನಡೆದೆ.